ಮೇಷ್ಟ್ರು ನಕ್ಕುಬಿಟ್ಟರು

ಟೈಪಿಂಗ್ ಮೇಷ್ಟ್ರು ಅವತ್ತು ಬೆಳಗ್ಗೆ ನಗುತ್ತಾ ಬಂದರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಬೇರೆ ಯಾವ ದಿನವೇ ಆಗಿದ್ದರೂ ಆ ನಗು ನೋಡಿ ಆಪ್ತಸಲಹೆಗಾರ ಕುಣಿದಾಡಬೇಕಿತ್ತು. ಜನರ ಮುಖದ ಮೇಲೆ ನಗು ತರಿಸುವುದೇ ಅವನ ಕಸುಬು. ಸಕಾರಾತ್ಮಕ ಮನಶ್ಶಾಸ್ತ್ರ ಅಂತ ಹೊಸದಾಗಿ ಕಲಿತು ಬಂದು, ಕ್ಲಿನಿಕ್ಕಿನ ಎರಡನೇ ಮಹಡಿಯ ಮೂಲೆ ರೂಮಿನಲ್ಲಿ ಎರಡು ಮೆತ್ತನೆ ಕುರ್ಚಿ, ಒಂದು ಕುಂಡದ ಗಿಡ, ಅಳುವವರಿಗೆ ಕಣ್ಣೊರೆಸಲು ಒಂದು ಡಬ್ಬಿ ಕಾಗದ ಇಟ್ಟುಕೊಂಡು ಕೂತಿದ್ದ. ಏನು ಕೆಟ್ಟಿದೆ ಅಂತ ಕೆದಕಬಾರದು, ಏನು ಚೆನ್ನಾಗಿದೆ ಅಂತ ಹುಡುಕಬೇಕು. ಸಿಕ್ಕಿದ್ದನ್ನು ನಿಧಾನವಾಗಿ ಸವಿಯಬೇಕು. ಮಲಗುವ ಮುಂಚೆ ಅವತ್ತಿನ ಮೂರು ಒಳ್ಳೆಯ ಸಂಗತಿ ನೆನೆಯಬೇಕು. ಇದು ಅವನ ಚಿಕಿತ್ಸೆ. ಕೇಳೋದಕ್ಕೆ ಚೆನ್ನಾಗಿತ್ತು. ಕೇಳುವವರು ಮಾತ್ರ ಇರಲಿಲ್ಲ. ಇದ್ದವರು ಟೈಪಿಂಗ್ ಮೇಷ್ಟ್ರು ಒಬ್ಬರೇ. ಡಬ್ಬಿಯ ಕಾಗದವೆಲ್ಲ ಸಲಹೆಗಾರನ ಕನ್ನಡಕ ಒರೆಸುವುದಕ್ಕೇ ಖರ್ಚಾಗುತ್ತಿತ್ತು.

ಪಕ್ಕದ ರೂಮಿನ ದಂತವೈದ್ಯರ ಕಣ್ಣು ಈ ಮೂಲೆ ರೂಮಿನ ಮೇಲೆ ಬಿದ್ದು ಬಹಳ ದಿನವಾಗಿತ್ತು. ಹಾಗಂತ ಅವರಲ್ಲೇನೂ ರೋಗಿಗಳ ನೂಕುನುಗ್ಗಲು ಇರಲಿಲ್ಲ. ಎರಡು ಕುರ್ಚಿ ಹಾಕಿದರೆ ಜನ ತಾವಾಗಿಯೇ ಬರುತ್ತಾರೆ ಅನ್ನುವುದು ಅವರ ನಂಬಿಕೆ. ಇಬ್ಬರ ಕಿತ್ತಾಟ ಕೇಳಿ ಕೇಳಿ ಸಾಕಾದ ಕ್ಲಿನಿಕ್ಕಿನ ಮಾಲೀಕರು ಒಂದು ದಾರಿ ಹುಡುಕಿದ್ದರು. ಊರಿನ ಆ ತುದಿಯ ದೊಡ್ಡ ಆಸ್ಪತ್ರೆಯಿಂದ ಒಬ್ಬ ಹಿರಿಯ ಮನಶ್ಶಾಸ್ತ್ರಜ್ಞೆ ಬಂದು ಸಲಹೆಗಾರನ ಕೆಲಸ ನೋಡಬೇಕು. ಮೆಚ್ಚಿದರೆ ರೂಮು ಇವನಿಗೆ, ಇಲ್ಲವಾದರೆ ಹಲ್ಲಿಗೆ. ಆಕೆ ಬರುವುದು ಇವತ್ತು ಸಂಜೆಯೇ. ಫೋನಿನಲ್ಲಿ ಆಕೆ ಖಡಾಖಂಡಿತವಾಗಿ ಹೇಳಿದ್ದರು: "ವಾಸಿಯಾಗಿರೋರನ್ನ ತೋರಿಸ್ಬೇಡಿ. ಅಂಥೋರು ಎಲ್ಲರ ಹತ್ರನೂ ಒಬ್ಬರು ಇರ್ತಾರೆ. ಬೇಜಾರಲ್ಲಿರೋರನ್ನ ಒಪ್ಪಿಸಿ ಕೂರಿಸಿ, ನನ್ನ ಕಣ್ಣೆದುರಿಗೆ ಸ್ವಲ್ಪ ಹಗುರ ಮಾಡಿ ತೋರಿಸಿ."

ಸಲಹೆಗಾರನಿಗೆ ಆ ಚಿಂತೆಯೇ ಇರಲಿಲ್ಲ. ಮೇಷ್ಟ್ರಿದ್ದರಲ್ಲ! ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿಹೋಗಿತ್ತು. ವಾರವಾರ ಬಂದು ಕುರ್ಚಿಯಲ್ಲಿ ಕುಸಿದು, ಮೊಣಕಾಲಿನ ಮೇಲೆ ಬೆರಳಿನಿಂದ ಟಕಟಕ ಟೈಪ್ ಮಾಡುತ್ತಾ, "ಯಾರಿಗೆ ಬೇಕು ಸಾರ್ ನಮ್ಮಂಥೋರು" ಅನ್ನುತ್ತಿದ್ದರು. ಸಲಹೆಗಾರ ತನ್ನ ಚಿಕಿತ್ಸೆಯನ್ನೆಲ್ಲ ಅವರ ಮೇಲೆ ಸುರಿಯುತ್ತಿದ್ದ. ಹೊರಡುವಾಗ ಮೇಷ್ಟ್ರು ಒಂದು ಸಣ್ಣ ನಗು ನಗುತ್ತಿದ್ದರು. ಆ ಒಂದು ನಗುವಿನ ಮೇಲೆ ಸಲಹೆಗಾರ ಮುಂದಿನ ವಾರದವರೆಗೆ ಬದುಕುತ್ತಿದ್ದ.

ಅಂಥ ಮೇಷ್ಟ್ರು, ಸಂಜೆ ಬರಬೇಕಾದವರು, ಬೆಳಗ್ಗೆಯೇ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಸಿಳ್ಳೆ ಹೊಡೆಯುತ್ತಾ ಬಂದು ನಿಂತರೆ ಎದೆ ಧಸಕ್ ಅನ್ನದೆ ಇನ್ನೇನಾಗುತ್ತದೆ?

"ಏನ್ ಮೇಷ್ಟ್ರೇ ಇದು?" ಕಳ್ಳನನ್ನು ಹಿಡಿದವನ ಹಾಗೆ ಕೇಳಿದ.

"ಎದೆ ಮೇಲಿಂದ ಚಪ್ಪಡಿ ಇಳಿಸಿದ ಹಾಗಿದೆ ಸಾರ್! ಆ ವಿಷಯ ಹೇಳೋಣ ಅಂತಾನೇ ಬೇಗ ಬಂದೆ. ಏನಾಯ್ತು ಅಂದ್ರೆ..."

"ಆಮೇಲೆ ಹೇಳಿ. ಮೊದಲು ಕೂತ್ಕೊಳ್ಳಿ."

ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು ಅವನ ಕಸುಬಿನ ಮೊದಲ ಪಾಠ. ಪರೀಕ್ಷೆಯಲ್ಲಿ ಆ ಪಾಠಕ್ಕೆ ಅವನಿಗೆ ಒಳ್ಳೆಯ ಅಂಕ ಬಂದಿತ್ತು. ಈಗ ಮಾತ್ರ ಅವನ ಕಿವಿಯಲ್ಲಿ, ನಾಳೆ ಇದೇ ರೂಮಿನಲ್ಲಿ ಗುಂಯ್‌ಗುಡಲಿರುವ ಹಲ್ಲು ಕೊರೆಯುವ ಮಿಷನ್ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಸಂಜೆಯೊಳಗೆ ಈ ಮನುಷ್ಯನ ಮುಖ ಬಾಡದಿದ್ದರೆ ರೂಮು ಹೋಯಿತು.

'ಭಲೇ!' ಅಂತ ತನಗೆ ತಾನೇ ಹೇಳಿಕೊಂಡ. 'ಇಷ್ಟು ಓದಿದ್ದು ಒಬ್ಬ ಬಡಪಾಯಿಯ ಸಂತೋಷ ಕೆಡಿಸೋದಕ್ಕೆ. ನಿನ್ನಂಥವನು ಇನ್ನೊಬ್ಬ ಇರಲಿಕ್ಕಿಲ್ಲ.'

ಹಾಗಂದುಕೊಂಡೇ ಕೆಲಸ ಶುರು ಮಾಡಿದ.

"ಅಲ್ಲ ಮೇಷ್ಟ್ರೇ, ಆ ನಿಮ್ಮ ಇನ್‌ಸ್ಟಿಟ್ಯೂಟ್... ಮುಚ್ಚಿದ ದಿನ ನೆನಪಿದೆಯಾ? ಸಾಲಾಗಿ ಟೈಪ್‌ರೈಟರು, ಎಲ್ಲದರ ಮೇಲೂ ಧೂಳು..."

ಮೇಷ್ಟ್ರು ಕಣ್ಣು ಮುಚ್ಚಿದರು. ಸಲಹೆಗಾರ ಆಸೆಯಿಂದ ಡಬ್ಬಿಯನ್ನು ಮುಂದೆ ತಳ್ಳಿದ.

"ಆಹಾ!" ಅಂದರು ಮೇಷ್ಟ್ರು. "ಮೂವತ್ತು ಮಿಷನ್ ಒಟ್ಟಿಗೆ ಬಡಿಯೋಕೆ ಶುರುವಾದ್ರೆ ಆಲಿಕಲ್ಲು ಮಳೆ ಸಾರ್! ಹಳೇದನ್ನ ಸವೀಬೇಕು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ? ನೋಡಿ, ಹೇಗೆ ಸವೀತಿದೀನಿ!"

ಅಷ್ಟರಲ್ಲಿ ದಂತವೈದ್ಯರು ಬಾಗಿಲು ತಟ್ಟದೆ ಒಳಗೆ ಬಂದರು. ಕೈಯಲ್ಲಿ ಅಳತೆ ಟೇಪು. "ನೀವು ಮಾತಾಡ್ತಿರಿ, ನಾನು ಬರೀ ಅಳತೆ ತಗೊಂಡು ಹೋಗ್ತೀನಿ" ಅಂತ ಕಿಟಕಿಯಿಂದ ಗೋಡೆಯವರೆಗೆ ಟೇಪು ಹಿಡಿದರು. ಮೇಷ್ಟ್ರು ಎದ್ದು ಟೇಪಿನ ಆ ತುದಿ ಹಿಡಿದುಕೊಟ್ಟು, "ಇನ್ನೊಬ್ಬರಿಗೆ ಸಹಾಯ ಮಾಡಿದ್ರೆ ಮನಸ್ಸು ಹಗುರ ಆಗುತ್ತೆ ಅಂತೀರಲ್ಲ ಸಾರ್, ನಿಜ" ಅಂದರು. ಸಲಹೆಗಾರ ಹಲ್ಲು ಕಚ್ಚಿಕೊಂಡ.

ಮಾತಿನಲ್ಲಿ ಆಗದ್ದು ಕಣ್ಣಾರೆ ಕಂಡರೆ ಆದೀತು ಅಂತ ಮೇಷ್ಟ್ರನ್ನು ಆ ಇನ್‌ಸ್ಟಿಟ್ಯೂಟ್ ಇದ್ದ ಬೀದಿಗೇ ಕರೆದುಕೊಂಡು ಹೋದ. ಈಗ ಅಲ್ಲಿ ಕ್ಷೌರದ ಅಂಗಡಿ. ಟೈಪ್‌ರೈಟರುಗಳಿದ್ದ ಜಾಗದಲ್ಲಿ ಕನ್ನಡಿ, ಬಾಚಣಿಗೆ, ನೀರು ಚಿಮುಕಿಸುವ ಬಾಟಲಿ. ಯಾರಿಗಾದರೂ ಕರುಳು ಕಿತ್ತುಬರಬೇಕಾದ ನೋಟ. ಅಂಗಡಿಯವನು ಕತ್ತರಿ ಎತ್ತಿ ಹಿಡಿದುಕೊಂಡೇ ಓಡಿಬಂದ.

"ಮೇಷ್ಟ್ರೇ! ನಾನು ನಿಮ್ಮ ಸಂಜೆ ಬ್ಯಾಚಿನವನು! ಬೆರಳು ನೋಡದೆ ಕೆಲಸ ಮಾಡೋದು ನೀವು ಕಲಿಸಿದ್ದು. ಅದಕ್ಕೇ ಇವತ್ತು ಕಣ್ಣು ಮುಚ್ಚಿಕೊಂಡು ಕೂದಲು ಕತ್ತರಿಸ್ತೀನಿ!"

ಮೇಷ್ಟ್ರನ್ನು ಎಳೆದು ಕೂರಿಸಿದ. ಕತ್ತರಿಸಿ, ಮೀಸೆ ತಿದ್ದಿ, ಸುವಾಸನೆ ಪೂಸಿದ. ಎದ್ದಾಗ ಮೇಷ್ಟ್ರು ಹತ್ತು ವರ್ಷ ಚಿಕ್ಕವರಾಗಿದ್ದರು. "ಇವರು ನನ್ನ ಸಾರ್" ಅಂತ ಮೇಷ್ಟ್ರು ಪರಿಚಯ ಮಾಡಿಕೊಟ್ಟದ್ದೇ ತಡ, ಅಂಗಡಿಯವನು ಸಲಹೆಗಾರನನ್ನೂ ಹಿಡಿದು ಕುರ್ಚಿಗೆ ಒತ್ತಿದ. ಬೇಡ ಬೇಡ ಅಂದರೂ ಕೇಳಲಿಲ್ಲ. ಆಮೇಲೆ ಮೇಷ್ಟ್ರ ಕಡೆ ತಿರುಗಿ ಸಂಜೆ ಬ್ಯಾಚಿನವರು ಯಾರ್‍ಯಾರು ಎಲ್ಲೆಲ್ಲಿದ್ದಾರೆ ಅಂತ ಹೇಳುತ್ತಾ, ಹೇಳಿದಂತೆಯೇ ಬೆರಳು ನೋಡದೆ ಕತ್ತರಿ ಆಡಿಸಿದ. ಮಾತು ಮುಗಿಯುವ ಹೊತ್ತಿಗೆ ಸಲಹೆಗಾರನ ತಲೆಯ ಎಡಭಾಗ ಕುಯ್ಲಾದ ಗದ್ದೆಯ ಹಾಗಿತ್ತು. ಬಲಭಾಗ ಮೊದಲಿನಂತೆಯೇ ಇತ್ತು. ಅದನ್ನು ಸರಿಮಾಡಿಸಿಕೊಳ್ಳುವ ಧೈರ್ಯವಿಲ್ಲದೆ ಅವನು ಮೇಷ್ಟ್ರನ್ನು ಎಳೆದುಕೊಂಡು ಅಲ್ಲಿಂದ ಓಡಿಬಂದ.

ಕ್ಲಿನಿಕ್ಕಿನ ಬಾಗಿಲಲ್ಲಿ ಕೂರುವ ರಿಸೆಪ್ಷನ್ ಅಕ್ಕ ಅವನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಇವನಿಗೆ 'ಖುಷಿ ಸಾರ್' ಅಂತ ಹೆಸರಿಟ್ಟವಳು ಅವಳೇ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಒಡೆದುಹೋಗುತ್ತಿತ್ತು, ಮೇಷ್ಟ್ರನ್ನು ರೂಮಿಗೆ ಕಳಿಸಿ ಅವಳಿಗೆ ಎಲ್ಲ ಹೇಳಿದ.

"ಮುಖ ಬಾಡ್ಬೇಕು ಅಷ್ಟೇ ತಾನೆ ಖುಷಿ ಸಾರ್? ಪಕ್ಕದ ಡಾಕ್ಟ್ರ ಕುರ್ಚಿ ಮೇಲೆ ಒಂದ್ಸಲ ಮಲಗಿಸಿ. ಆ ಮಿಷನ್ ಸದ್ದಿಗೆ ನನಗೇ ಇಲ್ಲಿ ಕೂತಲ್ಲೇ ಅಳು ಬರುತ್ತೆ."

ಸಲಹೆಗಾರ ಒಂದು ಕ್ಷಣ ಹಿಂಜರಿದ. ಎಷ್ಟಾದರೂ ಮನುಷ್ಯತ್ವ ಅಂತ ಒಂದಿದೆಯಲ್ಲ. ಆಮೇಲೆ ಅಳತೆ ಟೇಪು ನೆನಪಾಯಿತು. ಬರೀ ತಪಾಸಣೆ ಅಂತ ಹೇಳಿ ಮೇಷ್ಟ್ರನ್ನು ಒಳಗೆ ಕಳಿಸಿ, ಗೋಡೆಗೆ ಕಿವಿಯಿಟ್ಟು ನಿಂತ. ಕೇಳಿಸಿದ್ದು ಚಪ್ಪಾಳೆ.

ದಂತವೈದ್ಯರು ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿಕೊಂಡೇ ಹೊರಗೆ ಬಂದರು. "ಏನ್ರೀ ಹಲ್ಲು ಇದು! ಈ ವಯಸ್ಸಿಗೆ ಒಂದೂ ಹುಳುಕಿಲ್ಲ! ಇಂಥ ಬಾಯಿ ನೋಡಿ ಎಷ್ಟು ಕಾಲ ಆಗಿತ್ತು!"

"ನನಗೆ ಗೊತ್ತೇ ಇರ್ಲಿಲ್ಲ ಸಾರ್" ಅಂದರು ಮೇಷ್ಟ್ರು, ಅಷ್ಟೂ ಹಲ್ಲು ಬಿಟ್ಟು. "ಇವತ್ತಿನ ಒಳ್ಳೇ ಸಂಗತಿ ಮೂರಲ್ಲ, ಆಗಲೇ ಆರಾಯ್ತು. ಅಂದಹಾಗೆ ಸಾರ್, ಆ ವಿಷಯ..."

"ಇರಿ ಇರಿ, ಆಮೇಲೆ."

ಆ ಹೊತ್ತಿಗೆ ಹೆಂಡತಿಯ ಫೋನು ಬಂತು. ಪರೀಕ್ಷೆ ಹೇಗಾಗುತ್ತೋ ಅಂತ ಅವಳಿಗೂ ಆತಂಕ. ಗಂಡನ ಗೋಳನ್ನೆಲ್ಲ ಕೇಳಿಸಿಕೊಂಡು ಗೊಳ್ಳೆಂದು ನಕ್ಕಳು.

"ಅಯ್ಯೋ ಪುಣ್ಯಾತ್ಮ, ಯಾರ ಮೂಡು ಹೇಗೆ ಕೆಡಿಸೋದು ಅಂತ ನಿಮಗೆ ಯಾರಾದ್ರೂ ಹೇಳಿಕೊಡ್ಬೇಕಾ? ಮನೇಲಿ ನನ್ನ ಹತ್ರ ಹೇಗೆ ಮಾತಾಡ್ತೀರೋ ಹಾಗೇ ಅವರ ಹತ್ರನೂ ಮಾತಾಡಿ. ಎರಡು ನಿಮಿಷ ಸಾಕು."

ಮಾತು ಚುಚ್ಚಿತು. ಆದರೆ ಉಪಾಯ ಚೆನ್ನಾಗಿತ್ತು. ಸಲಹೆಗಾರ ರೂಮಿಗೆ ಹೋಗಿ ಮನೆಯ ಮುಖ ಹಾಕಿಕೊಂಡು ಕೂತ.

"ಏನ್ ಮೇಷ್ಟ್ರೇ ಈ ಶರಟು? ಒಂಚೂರೂ ಒಪ್ಪಲ್ಲ. ಕಾಲು ಅಲ್ಲಾಡಿಸ್ಬೇಡಿ. ಒಂದು ಮಾತು ಶುರು ಮಾಡಿದ್ರೆ ನೀವು ಮುಗಿಸೋದೇ ಇಲ್ಲ. ಆ ಬಾಗಿಲು ಯಾರು ಹಾಕ್ಬೇಕು, ನಾನಾ?"

ಮೇಷ್ಟ್ರು ಕಣ್ಣು ಕಣ್ಣು ಬಿಟ್ಟು ನೋಡಿದರು. ಆ ಕಣ್ಣು ನಿಧಾನವಾಗಿ ತುಂಬಿಕೊಂಡಿತು. ಸಲಹೆಗಾರನ ಎದೆ ಹಾರಿತು. ಗೆದ್ದೆ!

"ಸಾರ್," ಅಂದರು ಮೇಷ್ಟ್ರು ಕಣ್ಣೊರೆಸಿಕೊಂಡು. "ಇಷ್ಟು ದಿನ ನೀವು ನನ್ನ ಹತ್ರ ರೇಡಿಯೋದವರ ಥರ ಮಾತಾಡ್ತಿದ್ರಿ. ಇವತ್ತು ಮನೆಯವನು ಅಂದ್ಕೊಂಡು ಬೈದ್ರಿ. ಎಷ್ಟು ಸಂತೋಷ ಆಯ್ತು ಗೊತ್ತಾ?" ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು, ಬೈಸಿಕೊಂಡ ಖುಷಿಯಲ್ಲಿ ಮತ್ತೆ ಸಿಳ್ಳೆ ಹಾಕಿದರು.

ಇನ್ನು ಉಳಿದದ್ದು ಒಂದೇ. ಸಲಹೆಗಾರ ಇದ್ದಬದ್ದ ಮಾನ ಮರ್ಯಾದೆಯನ್ನೆಲ್ಲ ಪಕ್ಕಕ್ಕಿಟ್ಟು ಕೈ ಮುಗಿದ.

"ಮೇಷ್ಟ್ರೇ, ದಮ್ಮಯ್ಯ. ಇನ್ನೇನು ಆ ಮೇಡಂ ಬಂದುಬಿಡ್ತಾರೆ. ಬೇಜಾರಲ್ಲಿರೋರು ಬೇಕು ಅಂದಿದಾರೆ. ನೀವು ನಕ್ರೆ ನನ್ನ ರೂಮು ಹೋಗುತ್ತೆ. ಒಂದು ಗಳಿಗೆ ಸುಮ್ಮನೆ ಅಳುಮುಖ ಮಾಡ್ಕೊಂಡು ಕೂತ್ಕೋತೀರಾ?"

"ಅಷ್ಟೇನಾ? ಬೆಳಗ್ಗೇನೇ ಹೇಳ್ಬಾರ್ದಾ ಸಾರ್! ಅದು ನನಗೆ ರೂಢಿ ಇದೆ."

ಅಂದದ್ದೇ ಕುರ್ಚಿಯಲ್ಲಿ ಕುಸಿದರು. ಮುಖಕ್ಕೆ ಮೋಡ ಕವಿಯಿತು. ತುಟಿ ಜೋತುಬಿತ್ತು. ಬೆರಳುಗಳು ಮೊಣಕಾಲಿನ ಮೇಲೆ ಟಕಟಕ ಆಡತೊಡಗಿದವು. "ಯಾರಿಗೆ ಬೇಕು ಸಾರ್ ನಮ್ಮಂಥೋರು..."

ಸಲಹೆಗಾರನಿಗೆ ಖುಷಿಯಾಗಬೇಕಿತ್ತು. ಆದರೆ ಅವನು ಮುಂದೆ ಬಾಗಿ ಆ ಮುಖವನ್ನೇ ದಿಟ್ಟಿಸಿದ. ಇದೇ ಮುಖ. ಇದೇ ಮಾತು. ವಾರವಾರ, ಒಂದು ಕೂದಲೂ ಆಚೀಚೆ ಇಲ್ಲದೆ ಇದೇ.

"ಮೇಷ್ಟ್ರೇ, ರೂಢಿ ಅಂದ್ರೇನು? ಇಷ್ಟು ದಿನ ಮಾಡ್ತಿದ್ದದ್ದೂ... ಇದೇನಾ?"

ಮೋಡ ಹಾರಿಹೋಯಿತು. ಮೇಷ್ಟ್ರು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನೆಲ ನೋಡಿದರು.

"ಬೆಳಗ್ಗೆಯಿಂದ ಅದನ್ನೇ ಹೇಳೋಕೆ ಒದ್ದಾಡ್ತಿದೀನಿ ಸಾರ್, ನೀವು ಬಿಡ್ಲಿಲ್ಲ. ಇನ್‌ಸ್ಟಿಟ್ಯೂಟ್ ಮುಚ್ಚಿದಾಗ ನಿಜವಾಗ್ಲೂ ಕುಸಿದುಹೋಗಿದ್ದೆ. ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿ ಒಬ್ಬರು ಮೇಡಂ, 'ನಿಮಗಿಂತ ಪಾಪದವರು ಯಾರಾದ್ರೂ ಇದ್ರೆ ಹುಡುಕಿ, ವಾರಕ್ಕೊಂದ್ಸಲ ಅವರಿಗೆ ಏನಾದ್ರೂ ಒಳ್ಳೇದು ಮಾಡಿ' ಅಂದ್ರು. ನನಗಿಂತ ಪಾಪದವರು ಎಲ್ಲಿ ಸಿಗ್ತಾರೆ ಅಂತ ಹುಡುಕ್ತಾ ಈ ಕ್ಲಿನಿಕ್ಕಿನ ಮಹಡಿ ಹತ್ತಿದೆ. ಈ ಗಾಜಿನ ಬಾಗಿಲಲ್ಲಿ ನೀವು ಕಾಣಿಸಿದ್ರಿ."

"ನಾನು?"

"ಒಬ್ಬರೇ ಕೂತು ಗಿಡದ ಎಲೆ ಒರೆಸ್ತಿದ್ರಿ. ಆಮೇಲೆ ಖಾಲಿ ಕುರ್ಚಿ ಕಡೆ ತಿರುಗಿ ತಲೆ ಆಡಿಸ್ತಾ 'ಹೂಂ, ಅರ್ಥ ಆಗುತ್ತೆ' ಅಂತ ಅಭ್ಯಾಸ ಮಾಡ್ತಿದ್ರಿ. ನನಗೆ ನೋಡೋಕಾಗ್ಲಿಲ್ಲ ಸಾರ್. ಒಳಗೆ ಬಂದು ಒಂದು ಕಷ್ಟ ಹೇಳಿದೆ. ನಿಮ್ಮ ಮುಖ ಎಷ್ಟು ಅರಳ್ತು! ಮನೆಗೆ ಹೋದ್ರೆ ನನ್ನ ಮನಸ್ಸೂ ಹಗುರ. ಹಾಗೇ ವಾರವಾರ ಬಂದೆ. ನಿನ್ನೆ ಆ ಮೇಡಂ, 'ನೀವು ಪೂರ್ತಿ ಹುಷಾರಾಗಿದೀರಿ, ಇನ್ನು ಬರೋದು ಬೇಡ' ಅಂದ್ರು. ಅದಕ್ಕೇ ನಿಮಗೆ ನಿಜ ಹೇಳಿ, ಥ್ಯಾಂಕ್ಸ್ ಹೇಳೋಣ ಅಂತ ಬಂದೆ."

ಸಲಹೆಗಾರನಿಗೆ ಕಾಲ ಕೆಳಗಿನ ನೆಲವೇ ಜಾರಿದಂತಾಯಿತು. ಇದ್ದ ಒಬ್ಬನೇ ಒಬ್ಬ ಗಿರಾಕಿ, ಅವನೂ ಕನಿಕರಕ್ಕೆ ಬಂದವನು. ನಗಬೇಕು ಅನ್ನಿಸಿತು, ಅಷ್ಟು ತಮಾಷೆಯಾಗಿತ್ತು. ನಗಲು ಹೋದ. ಬಂದದ್ದು ಅಳು. ಸಣ್ಣಪುಟ್ಟ ಅಳುವಲ್ಲ, ಬಿಕ್ಕಿ ಬಿಕ್ಕಿ ಅತ್ತ. ಖಾಲಿ ಕುರ್ಚಿಯ ಬಗ್ಗೆ, ಮನೆಯಲ್ಲಿ 'ಇವತ್ತು ತುಂಬಾ ಜನ ಬಂದಿದ್ರು' ಅಂತ ಹೇಳುವ ಸುಳ್ಳಿನ ಬಗ್ಗೆ, ಅರ್ಧ ಕತ್ತರಿಸಿದ ತಲೆಯ ಬಗ್ಗೆ, ಎಲ್ಲದರ ಬಗ್ಗೆ ಹೇಳಿಕೊಂಡ. ಮೇಷ್ಟ್ರು ಒಂದೂ ಮಾತು ಆಡದೆ ಪೂರ್ತಿ ಕೇಳಿದರು. ಡಬ್ಬಿಯಿಂದ ಕಾಗದ ತೆಗೆದುಕೊಟ್ಟರು. ಆಮೇಲೆ ಮೆಲ್ಲಗೆ, "ಬಲಗಡೆ ತಲೆ ಚೆನ್ನಾಗಿದೆ ಸಾರ್" ಅಂದರು. ಸಲಹೆಗಾರನಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಎದೆ ನಿಜವಾಗಿಯೂ ಹಗುರವಾಗಿತ್ತು.

"ಅದ್ಭುತ!"

ಇಬ್ಬರೂ ಬೆಚ್ಚಿಬಿದ್ದರು. ಬಾಗಿಲಲ್ಲಿ ಹಿರಿಯ ಮನಶ್ಶಾಸ್ತ್ರಜ್ಞೆ ನಿಂತಿದ್ದರು. ಯಾವಾಗ ಬಂದರೋ, ಎಷ್ಟು ಹೊತ್ತಿನಿಂದ ನಿಂತಿದ್ದರೋ. ಆಕೆ ಮೇಷ್ಟ್ರ ಬೆನ್ನಿನ ಕಡೆ ನೋಡುತ್ತಾ, "ಎಷ್ಟು ತಾಳ್ಮೆ! ಇಷ್ಟು ಹದಗೆಟ್ಟ ಕೇಸನ್ನ ಇಷ್ಟು ಬೇಗ ನಗಿಸಿದ್ದು ನಾನು ನೋಡೇ ಇರ್ಲಿಲ್ಲ. ಸಲಹೆಗಾರರೇ, ಈ ರೂಮು ನಿಮ್ಮದೇ!" ಅಂದರು.

ಮೇಷ್ಟ್ರು ಹಿಂದಕ್ಕೆ ತಿರುಗಿ ನೋಡಿದರು.

"ಅರೆ, ನೀವಾ!" ಅಂದರು ಆಕೆ.

"ಮೇಡಂ, ನೀವಾ!" ಅಂದರು ಮೇಷ್ಟ್ರು.

ಆಕೆ ಮೇಷ್ಟ್ರನ್ನು ನೋಡಿದರು. ಕಣ್ಣು ಊದಿಸಿಕೊಂಡು, ಅರ್ಧ ತಲೆ ಬೋಳಾಗಿ, ಕೈಯಲ್ಲಿ ಒದ್ದೆ ಕಾಗದ ಹಿಡಿದು ಕೂತಿದ್ದವನನ್ನು ನೋಡಿದರು. ಎಲ್ಲ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಓಹೋ! ನೀವು ವಾರವಾರ ಹೇಳ್ತಿದ್ದ ಆ 'ಪಾಪದ ಮನುಷ್ಯ' ಇವರೇನಾ?"

"ಇವರೇ ಮೇಡಂ" ಅಂದರು ಮೇಷ್ಟ್ರು, ಸಂಕೋಚದಿಂದ. "ಈಗ ಎಷ್ಟೋ ವಾಸಿ."

ಸಲಹೆಗಾರನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನೆಲಕ್ಕೂ ಅವನು ಬೇಡವಾಗಿದ್ದ. ಆಕೆಯೇನೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಬಹಳ ಅಕ್ಕರೆಯಿಂದ ಅವನ ಭುಜ ತಟ್ಟಿದರು.

"ಬೇಜಾರು ಮಾಡ್ಕೋಬೇಡಿ. ನಮ್ಮ ಶಾಸ್ತ್ರ ಸುಳ್ಳಲ್ಲ ಅನ್ನೋದಕ್ಕೆ ಇವರೇ ಸಾಕ್ಷಿ. ಆದರೆ ನಾನು ಕೆಲಸ ನೋಡಿ ರೂಮು ಕೊಡೋಕೆ ಬಂದವಳು. ಕೆಲಸ ಮಾಡಿದ್ದು ಮೇಷ್ಟ್ರು. ಒಂಟಿಯಾಗಿರೋರ ಮಾತು ಕೇಳೋಕೆ ಅವರು ಇಲ್ಲಿ ಕೂರ್ಲಿ. ನಾನೇ ಬಂದು ಕಲಿಸ್ತೀನಿ. ನೀವೂ ವಾರಕ್ಕೊಂದ್ಸಲ ಬಂದು ಅವರ ಎದುರು ಕೂತು ಹೋಗಿ. ಹುಷಾರಾದ ಮೇಲೆ ನಿಮ್ಮ ಕೆಲಸದ ವಿಚಾರ ಮಾತಾಡೋಣ."

"ಹುಷಾರಾಗೋಕೆ... ನಾನೇನು ಮಾಡ್ಬೇಕು ಮೇಡಂ?" ಪಾಠವೆಲ್ಲ ಬಾಯಿಪಾಠವಾಗಿದ್ದವನು ಹೊಸಬನ ಹಾಗೆ ಕೇಳಿದ.

"ಇವತ್ತಿಂದಾನೇ ಶುರು ಮಾಡಿ. ಮನೆಗೆ ಹೋಗೋ ಮುಂಚೆ, ನಿಮಗಿಂತ ಪಾಪದವರು ಯಾರು ಕಾಣ್ತಾರೋ ನೋಡಿ. ಅವರ ಮುಖ ಅರಳೋ ಹಾಗೆ ಏನಾದ್ರೂ ಮಾಡಿ. ಏನೇ ಆಗ್ಲಿ, ಮಧ್ಯದಲ್ಲಿ ಬಿಡ್ಬೇಡಿ."

ನನಗಿಂತ ಪಾಪದವರು ಈ ಭೂಮಿ ಮೇಲೆ ಎಲ್ಲಿದ್ದಾರೆ ಅಂದುಕೊಳ್ಳುತ್ತಾ ಅವನು ಹೊರಗೆ ಬಂದ. ಇದ್ದರು. ಪಕ್ಕದ ರೂಮಿನಲ್ಲಿ ದಂತವೈದ್ಯರು ತಮ್ಮ ಒಂದೇ ಒಂದು ಕುರ್ಚಿಗೆ ಒರಗಿ ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ಮೂಲೆ ರೂಮು ಮೇಷ್ಟ್ರಿಗೆ ಹೋಯಿತು ಅಂತ ರಿಸೆಪ್ಷನ್ ಅಕ್ಕ ಆಗಲೇ ಮುಟ್ಟಿಸಿದ್ದಳು.

"ಬೆಳಗ್ಗೆಯಿಂದ ಒಬ್ಬ ರೋಗಿ ಇಲ್ಲ ಕಣ್ರೀ" ಅಂದರು, ತಲೆಯೆತ್ತದೆ. "ಬಂದೋನು ಒಬ್ಬನೇ, ಅವನ ಹಲ್ಲೆಲ್ಲ ಸರಿಯಾಗಿತ್ತು."

ಸಲಹೆಗಾರನಿಗೆ ಕರುಳು ಚುರುಕ್ ಅಂದಿತು. ಈ ಸಲ ಪಾಠದಲ್ಲಿ ಓದಿದ ಕನಿಕರವಲ್ಲ, ನಿಜವಾದದ್ದು. ಒಬ್ಬನೇ ಕೂತು ಬಾಗಿಲು ನೋಡುವ ಕಷ್ಟ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಡಾಕ್ಟ್ರೇ," ಅಂದ, ದವಡೆಗೆ ಕೈ ಹಚ್ಚಿಕೊಂಡು. "ನನಗೆ ಯಾಕೋ ಹಲ್ಲು ನೋವು."

ದಂತವೈದ್ಯರ ಮುಖ ಅರಳಿತು. ಎಷ್ಟು ಅರಳಿತು ಎಂದರೆ, ಇಷ್ಟು ದಿನದ ಕಸುಬಿನಲ್ಲಿ ಅವನು ಅಂಥ ಮುಖವನ್ನು ನೋಡಿರಲೇ ಇಲ್ಲ. ಓಡಿಬಂದು ಕುರ್ಚಿ ಒರೆಸಿ ಮಲಗಿಸಿದರು, ದೀಪ ಹಾಕಿದರು, ಕೈಗವಸು ತೊಟ್ಟರು. "ಎಲ್ಲಿ?" ಅಂದರು. "ಇಲ್ಲೆಲ್ಲೋ" ಅಂತ ಅವನು ಕೆನ್ನೆಯ ಮೇಲೆ ಅಂದಾಜಿನಲ್ಲಿ ಬೆರಳಿಟ್ಟ.

"ಹಾಂ! ಇದನ್ನ ಕೀಳ್ಲೇಬೇಕು!"

ಬೇಡ ಅನ್ನಲು ಸಲಹೆಗಾರ ಬಾಯಿ ತೆರೆದ. ತೆರೆಯಬಾರದಿತ್ತು.

ಸ್ವಲ್ಪ ಹೊತ್ತಿನ ಮೇಲೆ ದಂತವೈದ್ಯರು ಕಿತ್ತ ಹಲ್ಲನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹಲ್ಲು ಕಲ್ಲಿನಂತೆ ಗಟ್ಟಿಯಾಗಿತ್ತು.

"ಛೆ, ಇದಲ್ಲ ಅನ್ಸುತ್ತೆ" ಅಂದರು, ಸಂತೋಷ ತಡೆಯಲಾಗದೆ. "ಪಕ್ಕದ್ದಿರಬೇಕು. ಹಾಗೇ ಮಲಗಿರಿ."